ಕಂಬ ಬಡಿಯುವ ಮಾನಾ ಸಿದ್ರಾ

ಮರದ ಕಂಬಕ್ಕೆ ಮೂರು ಬಗೆಯ ಸದ್ದುಗಳಿವೆ. ಕೊಡತಿಯಿಂದ ಬಡಿದಾಗ ಸದ್ದು ಖಣ್ಣೆಂದು ಮೇಲಿನ ತೊಲೆಯವರೆಗೂ ಓಡಿದರೆ ಕಂಬ ಗಟ್ಟಿ. ಖಾಲಿ ಡಬ್ಬದ ಹಾಗೆ ಡಬ್ಬೆಂದರೆ ಟೊಳ್ಳು. ಇಷ್ಟನ್ನು ಯಾರು ಬೇಕಾದರೂ ಹೇಳುತ್ತಾರೆ. ಮೂರನೆಯದನ್ನು ಸದ್ದು ಎನ್ನುವುದೇ ಕಷ್ಟ. ಒದ್ದೆ ಮರಳಿನ ಚೀಲಕ್ಕೆ ಹೊಡೆದ ಹಾಗೆ, ಕೊಟ್ಟ ಪೆಟ್ಟು ಕೊಟ್ಟಲ್ಲೇ ಹೂತುಹೋಗುತ್ತದೆ. ಕೇಳಿದವರು 'ಆಹಾ, ತುಂಬಿದ ಕಂಬ' ಎಂದು ತಲೆದೂಗುತ್ತಾರೆ. ಸಮರ್ ದ್ವೀಪದ ಪೂರ್ವ ಕರಾವಳಿಯಲ್ಲಿ, ಬಾಗಾಕಾಯ್ ಎಂಬ ಊರಿನಲ್ಲಿ, ಆ ಸದ್ದಿಗೆ ತಲೆದೂಗದೆ ಬೆವರುತ್ತಿದ್ದವಳು ಒಬ್ಬಳೇ. ಹೆಸರು ಇಸಿದ್ರಾ ಗಾಬೋರ್ನೆಸ್. ಅರವತ್ತೊಂದು ವರ್ಷದ ವಿಧವೆ. ಊರಿಗೆಲ್ಲ ಮಾನಾ ಸಿದ್ರಾ, ಅಂದರೆ ಸಿದ್ರಕ್ಕ.

ರೇಡಿಯೊದಲ್ಲಿ ಬಿರುಗಾಳಿಯ ಎರಡನೆಯ ಸಿಗ್ನಲ್ ಎಂದು ಕೇಳಿಬಂದರೆ ಸಾಕು, ಮನೆಮನೆಯಿಂದ ಅವಳಿಗೆ ಕರೆ ಬರುತ್ತಿತ್ತು. ಒಂದು ಕೊಡತಿ, ಒಂದು ಬೈರಿಗೆ, ದೋಣಿಯ ಇಂಜಿನ್ನಿನಿಂದ ಬಸಿದ ಕಪ್ಪು ಎಣ್ಣೆಗೆ ಒಲೆಯ ಬೂದಿ ಕಲಸಿದ ಡಬ್ಬ: ಇವಿಷ್ಟನ್ನು ಬುಟ್ಟಿಗೆ ಹಾಕಿಕೊಂಡು ಹೊರಡುತ್ತಿದ್ದಳು. ಮಾಡಿಗೆ ಹಳೆಯ ಮೀನುಬಲೆ ಹೊದಿಸಿ ನಾಲ್ಕೂ ದಿಕ್ಕಿಗೆ ಗೂಟ ಹೊಡೆದು ಬಿಗಿಯುವುದು, ಮನೆಯ ಮೇಲೆ ಬಾಗಿದ ತೆಂಗಿನ ಕಾಯಿಗಳನ್ನು ಮೊದಲೇ ಇಳಿಸುವುದು, ಇವನ್ನೆಲ್ಲ ಗಂಡಸರು ಹೇಗೋ ಮಾಡಿಕೊಳ್ಳುತ್ತಿದ್ದರು. ನೆಲದ ಕೆಲಸ ಮಾನಾ ಸಿದ್ರಾಳದು. ಗಾಳಿ ಮೇಲಿನಿಂದ ಬರುವ ಮುಂಚೆಯೇ ನೆಲದಿಂದ ಮೇಲಕ್ಕೆ ಹತ್ತಿ ಬರುವವರು ಇರುತ್ತಾರೆ. ಜರಿ, ಹಾವು, ಇರುವೆ, ಗೆದ್ದಲು. ಮತ್ತೆ 'ಒಳ್ಳೆಯವರು'.

"ಮಾನಾ ಸಿದ್ರಾ, ಅಕ್ಕಿ ಡಬ್ಬದ ಮುಚ್ಚಳಕ್ಕೆ ಮೇಣ ಮೆತ್ತಿದ್ದೀನಿ. ಆದ್ರೂ ಒಳ್ಳೆಯವರು ಅಟ್ಟದ ಮೇಲೆ ಕುಣಿಯೋದು ನಿಲ್ಲಿಸಿಲ್ಲ" ಎಂದು ಪಕ್ಕದ ಮನೆಯ ಪಾಸಿತಾ ದೂರುತ್ತಿದ್ದಳು.

"ಎಷ್ಟು ಜನ ಇದ್ದಾರೆ?"

"ಎಣಿಸೋಕೆ ನಾನೇನು ಜನಗಣತಿಯವಳಾ? ಒಬ್ಬನಂತೂ ನನ್ನ ಗಂಡನಿಗಿಂತ ದಪ್ಪ ಇದ್ದಾನೆ."

"ಮೆಲ್ಲಗೆ ಮಾತಾಡೇ. ಕೇಳಿಸ್ಕೊಂಡ್ರೆ ನಿನ್ನ ಭಾನುವಾರದ ಲಂಗ ಜರಡಿ ಆಗತ್ತೆ."

"ಗಂಡ ಕೇಳಿಸ್ಕೊಂಡ್ರೆ ಪರವಾಗಿಲ್ಲ ಬಿಡು. ಅವನಿಗೆ ಕಡಿಯೋಕೆ ಹಲ್ಲೇ ಇಲ್ಲ!"

ಇಲಿ ಎಂದು ಹೆಸರೆತ್ತಿದರೆ ಸಿಟ್ಟಿಗೆದ್ದು ಬಟ್ಟೆ ಕಡಿಯುತ್ತವೆ ಎಂಬ ಭಯ ಆ ಕಡೆಯವರಿಗೆ. ಅದಕ್ಕೇ ಅವು ಒಳ್ಳೆಯವರು. ಕಚ್ಚುವವರನ್ನು ಒಳ್ಳೆಯವರೆಂದು ಕರೆದು ದಿನ ದೂಡುವ ಅಭ್ಯಾಸ ಬಡವರಿಗೆ ಇಲಿಗಳಿಂದಷ್ಟೇ ಬಂದದ್ದಲ್ಲ, ಆ ಮಾತು ಬೇರೆ. ಮಾನಾ ಸಿದ್ರಾ ನಗುತ್ತಲೇ ಕಂಬದ ನಡುವಿಗೆ ಹಳೆಯ ಡಬ್ಬದ ತಗಡನ್ನು ಕೊರಳಪಟ್ಟಿಯ ಹಾಗೆ ಸುತ್ತಿ ಮೊಳೆ ಹೊಡೆಯುತ್ತಿದ್ದಳು. ಒಳ್ಳೆಯವರು ಅಲ್ಲಿಯವರೆಗೆ ಹತ್ತಿ ಜಾರಿ ಬೀಳುತ್ತಿದ್ದರು. ಆಮೇಲೆ ಮಂಡಿಯೂರಿ ಕೂತು ಕೊಡತಿ ಎತ್ತಿಕೊಳ್ಳುತ್ತಿದ್ದಳು. ಆಗ ಮಾತ್ರ ಅವಳ ಮುಖದಲ್ಲಿ ನಗು ಇರುತ್ತಿರಲಿಲ್ಲ. ಒಂದು ಪೆಟ್ಟು ಕೊಟ್ಟು, ಕಂಬಕ್ಕೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ಕೂತುಬಿಡುತ್ತಿದ್ದಳು. ಅಷ್ಟು ಹೊತ್ತು ಏನು ಕೇಳುತ್ತಾಳೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವಳು ಹೇಳುತ್ತಿರಲಿಲ್ಲ.

ಅವಳು ಕಾಯುತ್ತಿದ್ದದ್ದು ಕಂಬದ ಆಚೆ ಬದಿಯಿಂದ ಬರುವ ಉತ್ತರಕ್ಕೆ. ಒಂದು ಪೆಟ್ಟು, ಸ್ವಲ್ಪ ಬಿಟ್ಟು ಎರಡು. ಅವಳ ಗಂಡ ಕ್ರಿಸ್ಪುಲೊ ಸಮುದ್ರದಿಂದ ಬಂದಾಗ ಬಾಗಿಲು ತಟ್ಟುತ್ತಿದ್ದದ್ದು ಹಾಗೆ. ಅವನು ತೀರಿಕೊಂಡು ಎಂಟು ವರ್ಷವಾಗಿತ್ತು.

ಅದಕ್ಕೂ ಹತ್ತು ವರ್ಷ ಹಿಂದಿನ ಮಾತು. ಅವರ ಮನೆಯ ಈಶಾನ್ಯದ ಮೂಲೆಗಂಬದ ಬುಡದಲ್ಲಿ ಒಂದು ಹುತ್ತ ಎದ್ದಿತ್ತು. ಮೊದಲು ಮುಷ್ಟಿಯಷ್ಟು, ಆಮೇಲೆ ಅನ್ನದ ಮಡಕೆಯಷ್ಟು. ಕ್ರಿಸ್ಪುಲೊ ಸೀಮೆಎಣ್ಣೆ ಡಬ್ಬ ಹಿಡಿದು ಬಂದ. ಮಾನಾ ಸಿದ್ರಾ ಅಡ್ಡ ನಿಂತಳು. ಹುತ್ತದಲ್ಲಿ ಮಣ್ಣಿನ ಮುದುಕ ಇರುತ್ತಾನೆ. ಅದರ ಪಕ್ಕ ಹಾಯುವಾಗ "ತಾಬಿ, ಅಪೊಯ್" ಎನ್ನಬೇಕು, ಅಂದರೆ ದಾರಿ ಬಿಡು ಅಜ್ಜಾ. ಮುರಿದರೆ ಮನೆಯಲ್ಲಿ ಒಬ್ಬರ ಕೈಯೋ ಕಾಲೋ ಹೋಗುತ್ತದೆ. ಇದನ್ನು ಅವಳಿಗೆ ಅವಳ ತಾಯಿ ಹೇಳಿದ್ದಳು, ತಾಯಿಗೆ ಅವಳ ತಾಯಿ. ಅದೇ ವಾರ ಹತ್ತು ವರ್ಷದ ಮಗಳು ದಿತಾ ಜ್ವರದಲ್ಲಿ ಬಡಬಡಿಸುತ್ತಿದ್ದಳು. ಮಾನಾ ಸಿದ್ರಾ ಮಗಳ ಕೈಯಿಂದಲೇ ಬೇಯಿಸಿದ ಮೊಟ್ಟೆಯನ್ನೂ ಒಂದು ಹಿಡಿ ಅನ್ನವನ್ನೂ ಹುತ್ತದ ಮುಂದೆ ಇಡಿಸಿದಳು. ಜ್ವರ ಇಳಿಯಿತು. ಹುತ್ತ ಉಳಿಯಿತು.

ದೊಡ್ಡ ಗಾಳಿ ಬಂದ ವರ್ಷ ಊರವರೆಲ್ಲ ಹಿಂದಿನ ಸಂಜೆಯೇ ಗುಡ್ಡದ ಮೇಲಿನ ಶಾಲೆಗೆ ಹೋದರು. ಮನೆಗೊಬ್ಬ ಗಂಡಸು ಉಳಿದ. ಅಲ್ಲಿ ಅದು ರೂಢಿ. ಮನೆಯನ್ನು ಖಾಲಿ ಬಿಡುವುದೆಂದರೆ ಮುದುಕರನ್ನು ನಡುದಾರಿಯಲ್ಲಿ ಬಿಟ್ಟು ಹೋದ ಹಾಗೆ. ಕ್ರಿಸ್ಪುಲೊ ಮೂಲೆಗಂಬಕ್ಕೆ ಹಗ್ಗ ಸುತ್ತಿ, ಆ ಹಗ್ಗವನ್ನು ತನ್ನ ಸೊಂಟಕ್ಕೂ ಕಟ್ಟಿಕೊಳ್ಳುವುದು ಹೇಗೆಂದು ಹೆಂಡತಿಗೆ ತೋರಿಸಿದ. ಕೊಡತಿಯಿಂದ ಕಂಬಕ್ಕೊಂದು ಬಾರಿಸಿದ.

"ಕೇಳು ಸಿದ್ರಾ, ತುಂಬಿದ ಕಂಬ. ನಿನ್ನ ಅಜ್ಜನಿಗೆ ಅನ್ನ ಹಾಕಿದ್ದು ದಂಡ ಆಗ್ಲಿಲ್ಲ ನೋಡು."

ಅವಳೂ ಕೇಳಿದಳು. ಸದ್ದು ಎಲ್ಲಿಗೂ ಓಡಲಿಲ್ಲ. ಅವಳಿಗೂ ಅದು ತುಂಬಿದ ಹಾಗೆಯೇ ಕೇಳಿಸಿತು.

ಮೂರು ದಿನದ ಮೇಲೆ ಅವನು ಸಿಕ್ಕಿದ್ದು ಗದ್ದೆಯಾಚೆಯ ಕೆಸರಿನಲ್ಲಿ. ಹಗ್ಗ ಸೊಂಟದಲ್ಲೇ ಇತ್ತು. ಗಂಟು ಬಿಚ್ಚಿರಲಿಲ್ಲ. ಹಗ್ಗದ ಇನ್ನೊಂದು ತುದಿಯಲ್ಲಿ ಕಂಬವೂ ಇತ್ತು. ಪಾದದೆತ್ತರದಲ್ಲಿ ಮುರಿದಿದ್ದ ಕಂಬದೊಳಗೆ ಮರವೇ ಇರಲಿಲ್ಲ. ಬೆರಳು ದಪ್ಪದ ಸಿಪ್ಪೆ, ಅದರೊಳಗೆ ಗಿಡಿದು ತುಂಬಿದ ಹಸಿ ಮಣ್ಣು. ಗೆದ್ದಲು ಮರ ತಿಂದ ಜಾಗವನ್ನು ಖಾಲಿ ಬಿಡದೆ ಮಣ್ಣಿನಿಂದ ತುಂಬಿಸಿತ್ತು. ಕೊಡತಿಗೆ ಸಿಕ್ಕ ಉತ್ತರ ಆ ಮಣ್ಣಿನದು.

ಆಮೇಲೆ ಬಂದವರ ಬಗ್ಗೆ ಹೇಳದೆ ಮುಂದಕ್ಕೆ ಹೋಗುವುದು ನ್ಯಾಯವಲ್ಲ. ಕ್ಯಾಮರಾ ಹಿಡಿದವರು ಬಂದರು. 'ಹುತ್ತದ ದೆವ್ವಕ್ಕೆ ಹೆದರಿ ಸತ್ತವರು' ಎಂದು ಬರೆದುಕೊಂಡು ಹೋದರು. ಆ ಹಳೆಯ ಮನೆಗೆ ಗೆದ್ದಲು ಮುಟ್ಟದ ಮರ ತರಲು ಕ್ರಿಸ್ಪುಲೊ ಎಷ್ಟು ವರ್ಷ ಮೀನು ಹಿಡಿಯಬೇಕಿತ್ತು ಎಂದು ಯಾರೂ ಕೇಳಲಿಲ್ಲ. ಇನ್ನಷ್ಟು ಜನ ಬಂದು ಹೊಸ ಮನೆ ಕಟ್ಟಿಕೊಟ್ಟರು. ಗಾಳಿಗೆ ಬಿದ್ದ ತೆಂಗಿನ ಮರಗಳನ್ನೇ ಸೀಳಿ ಕಂಬ ನಿಲ್ಲಿಸಿದರು. ತೆಂಗಿನ ಮರದ ಗಟ್ಟಿ ಇರುವುದು ಹೊರಮೈಯಲ್ಲಿ, ಒಳಗಿನದು ನಾರುಬೆಂಡು. ದೋಣಿ ಕಟ್ಟುವ ಪ್ರತಿಯೊಬ್ಬನಿಗೂ ಇದು ಗೊತ್ತು. ಹೊರಮೈಯ ಹಲಗೆ ಗುತ್ತಿಗೆದಾರನ ಲಾರಿ ಹತ್ತಿ ಹೋಯಿತು, ಬೆಂಡು ಊರಿಗೆ ಉಳಿಯಿತು. ಅದಕ್ಕೆ ಹಸಿರು ಬಣ್ಣ ಬಳಿದು 'ಬಿರುಗಾಳಿ ತಡೆಯುವ ಮನೆ' ಎಂದು ಫಲಕ ನೆಟ್ಟರು, ರಿಬ್ಬನ್ ಕತ್ತರಿಸಿದರು. ಗೆದ್ದಲಿಗೆ ಅಷ್ಟು ಮೆತ್ತಗಿನ ಊಟ ಹಿಂದೆಂದೂ ಸಿಕ್ಕಿರಲಿಲ್ಲ. ಮೂಢನಂಬಿಕೆಯಿಂದ ಒಂದು ಕಂಬ ಟೊಳ್ಳಾಗಿತ್ತು, ಸರಿ. ಲೆಕ್ಕ ಬಲ್ಲವರು, ಓದಿದವರು, ಸಹಿ ಹಾಕಿದವರು ಸೇರಿ ನೂರಾರು ಕಂಬಗಳನ್ನು ಟೊಳ್ಳು ಮಾಡಿದ್ದಕ್ಕೆ ಏನೆಂದು ಹೆಸರು?

ಮಾನಾ ಸಿದ್ರಾಗೆ ಇಂಥ ಮಾತು ಆಡಲು ಬರುತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಒಂದೇ: ಸೀಮೆಎಣ್ಣೆಗೆ ಅಡ್ಡ ನಿಂತವಳು ತಾನು. ಕೆಸರಿನಿಂದ ಹೆಕ್ಕಿದ ಗಂಡನ ಕೊಡತಿ ಹಿಡಿದು ಮೊದಲ ಸಲ ಪಾಸಿತಾಳ ಮನೆಯ ಕಂಬ ಬಡಿದಳು. ಖಣ್ಣೆಂದಿತು. ಆ ಸದ್ದು ಮೇಲೆ ಹೋಗಿ ಆರಿದ ಮೇಲೆ, ಆಚೆ ಬದಿಯಿಂದ ಒಂದು ಪೆಟ್ಟು. ಸ್ವಲ್ಪ ಬಿಟ್ಟು ಎರಡು. ಸುತ್ತಿ ಹೋಗಿ ನೋಡಿದಳು. ಯಾರೂ ಇರಲಿಲ್ಲ. ಮುಂದಿನ ಮನೆಯಲ್ಲೂ ಬಂತು. ಅದರ ಮುಂದಿನ ಮನೆಯಲ್ಲಿ ಪೆಟ್ಟು ಹೂತುಹೋಯಿತು, ಉತ್ತರ ಬರಲಿಲ್ಲ. ಬೈರಿಗೆ ಹಾಕಿದರೆ ಮಣ್ಣು. ಅಂದಿನಿಂದ ಅವಳ ಲೆಕ್ಕ ಅಷ್ಟೇ. ಸತ್ತವನು ಮಾತಾಡಿದರೆ ಕಂಬ ಬದುಕಿದೆ. ಅವನು ಸುಮ್ಮನಿದ್ದರೆ ಬೈರಿಗೆ. ಊರಿಗೆ ಒಳ್ಳೆಯದಾಗುತ್ತಿತ್ತು. ಅವಳಿಗೆ ಮಾತ್ರ ಒಂದೊಂದು ಮನೆಯಿಂದ ಎದ್ದು ಬರುವಾಗ, ಗಂಡನನ್ನು ಇನ್ನೊಮ್ಮೆ ಕಟ್ಟಿಹಾಕಿ ಬಂದ ಹಾಗಾಗುತ್ತಿತ್ತು.

ಎಂಟನೆಯ ವರ್ಷದ ನವೆಂಬರಿನಲ್ಲಿ ಮತ್ತೆ ಗಾಳಿಯ ಸುದ್ದಿ ಬಂತು. ಮೂರನೆಯ ಸಿಗ್ನಲ್, ನಾಳೆ ಮುಂಜಾನೆ ದಡ ಮುಟ್ಟುತ್ತದೆ ಎಂದರು. ಮಾನಾ ಸಿದ್ರಾ ಹನ್ನೊಂದು ಮನೆ ಮುಗಿಸಿ ಮಧ್ಯಾಹ್ನದ ಹೊತ್ತಿಗೆ ಮಗಳ ಮನೆಗೆ ಬಂದಳು. ದಿತಾ ಈಗ ಇಪ್ಪತ್ತೆಂಟರ ಹೆಂಗಸು. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಗಂಡ ಅರ್ನೆಲ್ ಏಡಿ ಹಿಡಿಯುವವನು. ನಾಲ್ಕು ವರ್ಷದ ಮಗಳು ತೆರೆಸ್. ಅವರದೂ ಆ ಹಸಿರು ಬಣ್ಣದ ಮನೆಯೇ. ಮಾನಾ ಸಿದ್ರಾ ಮೂರು ವಾರದಿಂದ ಆ ಕಡೆ ಬಂದಿರಲಿಲ್ಲ. ಅಂಗಳಕ್ಕೆ ಕಾಲಿಟ್ಟವಳು ಅಲ್ಲೇ ನಿಂತಳು. ಮೂಲೆಗಂಬದ ಬುಡದಲ್ಲಿ ಹುತ್ತ. ಅನ್ನದ ಮಡಕೆಯಷ್ಟು. ಅದರ ಮುಂದೆ ಬಾಳೆ ಎಲೆಯ ಮೇಲೆ ಸಿಪ್ಪೆ ಸುಲಿದ ಮೊಟ್ಟೆ.

ತೆರೆಸ್ ಬೆಂಚಿನ ಮೇಲೆ ಕೂತಿದ್ದಳು. ಅವಳ ಎಡಪಾದ ಬಾತು ಹೊಳೆಯುತ್ತಿತ್ತು.

"ಲೋಲಾ, ನಾನು ಅಜ್ಜನ್ನ ಒದ್ದುಬಿಟ್ಟೆ" ಎಂದಿತು ಮಗು. ಅಜ್ಜಿಯನ್ನು ಅಲ್ಲಿ ಲೋಲಾ ಅನ್ನುತ್ತಾರೆ.

"ಆಡ್ತಾ ಆಡ್ತಾ ಒದ್ದಿದ್ದಾಳೆ" ಎಂದಳು ದಿತಾ, ಹೊಲಿಗೆ ಯಂತ್ರಕ್ಕೆ ಪ್ಲಾಸ್ಟಿಕ್ಕು ಸುತ್ತುತ್ತಾ. "ಮಂತ್ರ ಹಾಕಿ ನೋಡೋರು ಹೇಳಿದ್ರು, ಒಂಬತ್ತು ದಿನ ಮೊಟ್ಟೆ ಇಡಿ, ಆ ಜಾಗ ಕೆದಕಬೇಡಿ ಅಂತ. ಇವತ್ತು ನಾಲ್ಕು."

ಮಾನಾ ಸಿದ್ರಾ ಮಂಡಿಯೂರಿದಳು. "ತಾಬಿ, ಅಪೊಯ್" ಎಂದು ಕೊಡತಿ ಎತ್ತಿ ಬಡಿದಳು. ಪೆಟ್ಟು ಹೂತುಹೋಯಿತು. ಕಿವಿ ಹಚ್ಚಿದಳು. ಗಾಳಿ ಇನ್ನೂ ಎದ್ದಿರಲಿಲ್ಲ. ಸಮುದ್ರವೂ ಆಗ ಅಸಹ್ಯವಾಗುವಷ್ಟು ಸುಮ್ಮನಿತ್ತು. ಆಚೆ ಬದಿಯಿಂದ ಏನೂ ಬರಲಿಲ್ಲ.

"ಅರ್ನೆಲ್, ರಾತ್ರಿ ಎಲ್ಲಿರ್ತೀಯಪ್ಪಾ?"

"ಇಲ್ಲೇ ನನಾಯ್." ಅತ್ತೆಯನ್ನು ಅವನು ಅಮ್ಮ ಎಂದೇ ಕರೆಯುತ್ತಿದ್ದ. "ಇವರಿಬ್ಬರು ಶಾಲೆಗೆ ಹೋಗ್ತಾರೆ. ನಾನು ಮನೆ ಕಾಯ್ತೀನಿ."

"ಯಂತ್ರ ಹೊತ್ಕೊಂಡು ನೀನೂ ನಡಿ."

"ಹೋದ ಸಲ ಏನಾಯ್ತು ಮರೆತ್ರಾ? ಪರಿಹಾರದ ಪಟ್ಟಿ ಬರೆಯೋರು ಬಂದಾಗ ಮನೇಲಿ ಜನ ಇಲ್ದಿದ್ರೆ 'ಖಾಲಿ ಜಾಗ' ಅಂತ ಗೀಚ್ಕೊಂಡು ಹೋದ್ರು. ನಮ್ಮಣ್ಣನಿಗೆ ಒಂದು ತಗಡೂ ಸಿಗ್ಲಿಲ್ಲ. ಶಾಲೇಲಿದ್ದೆ ಸ್ವಾಮಿ ಅಂದ್ರೆ, ಹಾಗಿದ್ರೆ ಶಾಲೇಲೇ ಇರು ಅಂದ್ರು."

ಇದು ಸುಳ್ಳಲ್ಲ. ಗಾಳಿಗೆ ಮುಂಚೆ ಧ್ವನಿವರ್ಧಕದಲ್ಲಿ 'ಮನೆ ಬಿಟ್ಟು ಹೊರಡಿ' ಎಂದು ಕೂಗುವವರೇ ಗಾಳಿಯ ಮೇಲೆ ಬಂದು 'ಮನೆಯಲ್ಲಿ ಯಾಕಿರಲಿಲ್ಲ' ಎಂದು ಕೇಳುತ್ತಿದ್ದರು.

ಅರ್ನೆಲ್ ಅವಳ ಕೈಯಿಂದ ಕೊಡತಿ ತೆಗೆದುಕೊಂಡು ತಾನೇ ಬಾರಿಸಿದ. "ನೋಡಿ, ಸುಮ್ನೆ ಹೆದರ್ತೀರಿ. ತುಂಬಿದ ಕಂಬ. ಸೊಂಟಕ್ಕೊಂದು ಹಗ್ಗ ಕಟ್ಕೊಂಡ್ರೆ ಯಾವ ಗಾಳಿ ಬಂದ್ರೂ ಅಲ್ಲಾಡಲ್ಲ."

ಅವೇ ಮಾತು. ಅದೇ ಮೂಲೆ. ಗೋಡೆಯ ಮೊಳೆಗೆ ಹೊಸ ನೈಲಾನ್ ಹಗ್ಗವೂ ಸುರುಳಿ ಸುತ್ತಿಕೊಂಡು ಕಾಯುತ್ತಿತ್ತು. ಮಾನಾ ಸಿದ್ರಾ ಬುಟ್ಟಿಗೆ ಕೈ ಹಾಕಿ ಬೈರಿಗೆ ತೆಗೆದಳು.

ದಿತಾ ಪ್ಲಾಸ್ಟಿಕ್ಕು ಬಿಸಾಕಿ ಓಡಿಬಂದು ಕಂಬಕ್ಕೆ ಅಡ್ಡ ನಿಂತಳು. ಹದಿನೆಂಟು ವರ್ಷದ ಹಿಂದೆ ಅವಳ ತಾಯಿ ನಿಂತ ಹಾಗೆಯೇ, ಎರಡೂ ಕೈ ಚಾಚಿ.

"ಮುಟ್ಟಬೇಡ ನನಾಯ್. ಅದು ಅಜ್ಜ ಹತ್ತೋ ದಾರಿ."

"ಒಳಗೆ ಮಣ್ಣು ತುಂಬಿದೆ ಕಣೇ. ಒಂದೇ ಒಂದು ತೂತು. ನೋಡ್ಬಿಡೋಣ."

"ಮಗೂ ಕಾಲು ನೋಡು! ಇನ್ನೊಂದು ಕಾಲೂ ಹೋಗ್ಬೇಕಾ ನಿನಗೆ?"

"ಕಾಲಿಗೆ ಏನೋ ಕಚ್ಚಿದೆ. ಆಸ್ಪತ್ರೆಗೆ..."

"ಓಹೋ, ಈಗ ಆಸ್ಪತ್ರೆ! ನನ್ನ ಕೈಲಿ ಮೊಟ್ಟೆ ಇಡಿಸಿದವಳು ಯಾರು? ತಾಬಿ ಅನ್ನು, ತಾಬಿ ಅನ್ನು ಅಂತ ತಲೆಗೆ ಕುಟ್ಟಿದವಳು ಯಾರು? ಅದನ್ನ ಇಟ್ಟಿದ್ದಕ್ಕೇ ನಾನು ಬದುಕಿದೆ ಅಂತ ಊರೆಲ್ಲಾ ಹೇಳ್ಕೊಂಡು ತಿರುಗಿದವಳು ಯಾರು?"

"ನಾನೇ."

"ಮತ್ತೆ?"

"ನೀನು ಬದುಕಿದೆ. ನಿಮ್ಮಪ್ಪ?"

ಆ ಮನೆಯಲ್ಲಿ ಆ ಪ್ರಶ್ನೆಯನ್ನು ಎಂಟು ವರ್ಷ ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ. ಕ್ರಿಸ್ಪುಲೊನ ಕಂಬದೊಳಗೆ ಏನಿತ್ತು ಎಂಬುದನ್ನೂ ಮಗಳಿಗೆ ಯಾರೂ ಹೇಳಿರಲಿಲ್ಲ. ಹೆಣ ಗುರುತಿಸಲು ಹೋದವಳು ಮಾನಾ ಸಿದ್ರಾ ಒಬ್ಬಳೇ. ಈಗ ಹೇಳಿದಳು. ಹಗ್ಗ, ಗಂಟು, ಸಿಪ್ಪೆ, ಮಣ್ಣು. ನಾಲ್ಕು ಮಾತಿನಲ್ಲಿ, ಅಂಗಡಿಯ ಚೀಟಿ ಓದುವ ಹಾಗೆ.

"ಅವನು ಹುತ್ತಕ್ಕೆ ಸೀಮೆಎಣ್ಣೆ ಹಾಕೋಕೆ ಬಂದಾಗ ಬಿಡದವಳು ನಾನು" ಎಂದಳು ಕೊನೆಗೆ. "ನಿನ್ನ ಗಂಡನ ಸೊಂಟಕ್ಕೆ ಹಗ್ಗ ಕಟ್ಟೋಳು ನೀನಾಗ್ಬೇಡ."

ದಿತಾಳ ಕೈಗಳು ಮೆಲ್ಲಗೆ ಇಳಿದವು. ಅವಳು ಪಕ್ಕಕ್ಕೇನೂ ಸರಿಯಲಿಲ್ಲ. ಮಾನಾ ಸಿದ್ರಾ ಅವಳ ಕಾಲ ಬಳಿಯೇ ಬಗ್ಗಿ, ಹುತ್ತಕ್ಕೆ ಹಣೆ ತಾಗುವಷ್ಟು ಹತ್ತಿರ ಬಾಯಿ ತಂದು, ಮಗಳಿಗೂ ಅಳಿಯನಿಗೂ ಕೇಳುವ ಹಾಗೆ ಹೇಳಿದಳು:

"ತಾಬಿ, ಅಪೊಯ್. ಈ ಕೈ ನಂದು. ಇವರ್ಯಾರ ಕೈಯೂ ಅಲ್ಲ. ನಂದು ಅನ್ನೋದ್ರಲ್ಲಿ ಯಾವುದು ಬೇಕೋ ತಗೋ. ಇವರ ತಂಟೆಗೆ ಬರಬೇಡ."

ಬೈರಿಗೆ ತಿರುಗಿಸಿದಳು. ಒಂದು ಸುತ್ತು, ಎರಡು, ಐದು. ತೆಂಗಿನ ನಾರು ಕರಕರ ಎಂದಿತು. ಎರಡು ಬೆರಳು ಆಳಕ್ಕೆ ಹೋದದ್ದೇ ಬೈರಿಗೆ ಹಸಿ ಹಿಟ್ಟಿಗೆ ಹೋದ ಹಾಗೆ ಹಿಡಿಯವರೆಗೂ ಜಾರಿತು. ಅವಳು ಮುಗ್ಗರಿಸಿ ಕಂಬಕ್ಕೆ ಹಣೆ ಬಡಿದುಕೊಂಡಳು. ಹೊರಗೆಳೆದರೆ ತೂತಿನಿಂದ ಕಪ್ಪು ಮಣ್ಣು ಇಳಿಯಿತು. ಮಣ್ಣಿನ ಜೊತೆ ಬಿಳಿಯ ಹುಳುಗಳು, ಚೆಲ್ಲಿದ ಅಕ್ಕಿಗೆ ಜೀವ ಬಂದ ಹಾಗೆ.

ಅರ್ನೆಲ್ ತೂತಿಗೆ ಬೆರಳು ಹಾಕಿ ನೋಡಿದ. ಬೆರಳು ಪೂರ್ತಿ ಹೋಯಿತು. ಅವನು ಆ ಬೆರಳನ್ನು ಚಡ್ಡಿಗೆ ಒರೆಸಿಕೊಂಡ. ಇನ್ನೊಮ್ಮೆ ಒರೆಸಿಕೊಂಡ. ಆಮೇಲೆ ಮೊಳೆಯಿಂದ ನೈಲಾನ್ ಹಗ್ಗ ಇಳಿಸಿ, ಅದರಿಂದಲೇ ಹೊಲಿಗೆ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡ.

"ಪಟ್ಟಿಯವರು ಬಂದು ಖಾಲಿ ಜಾಗ ಅಂತ ಬರ್ಕೊಂಡ್ರೆ?" ಎಂದಳು ದಿತಾ.

"ಬರ್ಕೊಳ್ಳಲಿ ಬಿಡೇ. ನಾನಿಲ್ಲೇ ಇದ್ರೆ ಇನ್ನೂ ಖಾಲಿ ಆಗತ್ತೆ" ಎಂದ ಅವನು.

ತೆರೆಸಳನ್ನು ಮಾನಾ ಸಿದ್ರಾ ಸೊಂಟಕ್ಕೆ ಏರಿಸಿಕೊಂಡಳು. ಅಂಗಳ ದಾಟುವಾಗ ಮಗು ತಿರುಗಿ ನೋಡಿ, "ತಾಬಿ, ಅಪೊಯ್" ಎಂದಿತು. ಯಾರೂ ಬೇಡವೆನ್ನಲಿಲ್ಲ.

ಗಾಳಿ ಬೆಳಗಿನ ಐದಕ್ಕೆ ಹಿಡಿದು ಹನ್ನೊಂದಕ್ಕೆ ಬಿಟ್ಟಿತು. ಶಾಲೆಯ ಕೋಣೆಯಲ್ಲಿ ನೂರಾ ಐವತ್ತು ಜನ ಒದ್ದೆ ಚಾಪೆಯ ಮೇಲೆ ಬಾಯಿಪಾಠದ ಪ್ರಾರ್ಥನೆ ಹೇಳುತ್ತಿದ್ದರು. ಮಾನಾ ಸಿದ್ರಾ ಮಾತ್ರ ತನ್ನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದಳು. ಬಾತುಕೊಳ್ಳುತ್ತದೆಯೇ, ಬಣ್ಣ ತಿರುಗುತ್ತದೆಯೇ, ಬೆರಳು ಮರಗಟ್ಟುತ್ತದೆಯೇ. ಶಾಲೆಗೆ ಬಂದಿದ್ದ ದಾದಿ ತೆರೆಸಳ ಪಾದದಿಂದ ಕಡಲ ಮುಳ್ಳುಪ್ರಾಣಿಯ ಮುಳ್ಳಿನ ತುಂಡೊಂದನ್ನು ತೆಗೆದು ಔಷಧಿ ಹಚ್ಚಿದಳು. ಮಗು ನಿದ್ದೆ ಹೋಯಿತು. ಗಾಳಿ ಕೂಗಿದಾಗಲೆಲ್ಲ ದಿತಾ ಅರ್ನೆಲನ ಅಂಗಿಯ ಚುಂಗನ್ನು ಹಿಡಿದು ನೋಡುತ್ತಿದ್ದಳು, ಅಂಗಿಯೊಳಗೆ ಅವನಿದ್ದಾನೆಯೇ ಎಂದು ಪರೀಕ್ಷಿಸುವ ಹಾಗೆ.

ಮಾರನೆಯ ಬೆಳಿಗ್ಗೆ ಇಳಿದು ಬಂದರು. ಆ ಸಾಲಿನ ಹಸಿರು ಮನೆಗಳಲ್ಲಿ ಅರ್ಧಕ್ಕರ್ಧ ಇರಲಿಲ್ಲ. ದಿತಾಳ ಮನೆಯ ಮಾಡು ಮೀನುಬಲೆಯ ಸಮೇತ ಎದ್ದುಹೋಗಿತ್ತು. ಮೂಲೆಗಂಬ ಪಾದದೆತ್ತರದಲ್ಲಿ ಮುರಿದು, ಉಳಿದ ಮೋಟು ಬಾಯಿ ತೆರೆದ ಮಡಕೆಯ ಹಾಗೆ ನೀರು ತುಂಬಿಕೊಂಡು ನಿಂತಿತ್ತು. ಅದರ ಪಕ್ಕದಲ್ಲಿ ಹುತ್ತ. ಅದಕ್ಕೆ ಏನೂ ಆಗಿರಲಿಲ್ಲ. ಮಳೆಗೆ ತೊಳೆದುಕೊಂಡು ನುಣ್ಣಗೆ ಹೊಳೆಯುತ್ತಿತ್ತು. ಬಾಳೆ ಎಲೆ, ಮೊಟ್ಟೆ ಎರಡೂ ಇರಲಿಲ್ಲ.

ಅರ್ನೆಲ್ ಬಹಳ ಹೊತ್ತು ಆ ಮೋಟನ್ನು ನೋಡಿದ. ಆಮೇಲೆ ಬೆನ್ನಿನ ಹಗ್ಗ ಬಿಚ್ಚಿ ಯಂತ್ರವನ್ನು ಕೆಳಗಿಟ್ಟ.

ಮನೆಯನ್ನು ಎಂಟು ಹೆಜ್ಜೆ ಆಚೆಗೆ ಕಟ್ಟಿದರು. ಪಟ್ಟಿಯವರು ಬಂದು ಖಾಲಿ ಜಾಗ ಎಂದು ಬರೆದುಕೊಂಡೇ ಹೋದರು, ಅದರಲ್ಲೇನೂ ಬದಲಾಗಲಿಲ್ಲ. ಅರ್ನೆಲ್ ಎರಡು ವಾರ ಕಾಡಿನಂಚಿಗೆ ಅಲೆದು ಹಳೆಯ ಗಟ್ಟಿ ಮರದ ನಾಲ್ಕು ಕಂಬ ತಂದ. ಬುಡವನ್ನು ಬೆಂಕಿಯಲ್ಲಿ ಕರಿ ಕಟ್ಟುವವರೆಗೆ ಸುಟ್ಟ, ಕಪ್ಪು ಎಣ್ಣೆ ಕುಡಿಸಿದ, ಕಲ್ಲಿನ ಮೇಲೆ ನಿಲ್ಲಿಸಿದ. ಎಲ್ಲ ಮುಗಿದ ಮೇಲೆ ಅತ್ತೆಯನ್ನು ಕರೆತಂದ.

"ಬಡೀರಿ ನನಾಯ್. ನೀವು ಹೂಂ ಅಂದ್ರೆ ಮಾಡು ಏರಿಸ್ತೀನಿ."

ಅವಳ ಕೈಗೆ ಏನೂ ಆಗಿರಲಿಲ್ಲ. ಒಂದು ಗುಳ್ಳೆಯೂ ಎದ್ದಿರಲಿಲ್ಲ. ಮಂಡಿಯೂರಿ ಬಾರಿಸಿದಳು. ಖಣ್ಣೆಂದಿತು. ಸದ್ದು ಮೇಲಕ್ಕೆ ಓಡಿ, ತೊಲೆ ಇನ್ನೂ ಇಲ್ಲದ ಆಕಾಶಕ್ಕೆ ಹೋಯಿತು. ಅಷ್ಟು ಗಟ್ಟಿ ಕಂಬವನ್ನು ಅವಳು ಆ ಊರಿನಲ್ಲಿ ಕಂಡಿರಲಿಲ್ಲ. ಕಿವಿ ಹಚ್ಚಿ ಕಣ್ಣು ಮುಚ್ಚಿದಳು. ಆಚೆ ಬದಿ ಸುಮ್ಮನಿತ್ತು. ಎರಡನೆಯ ಕಂಬಕ್ಕೆ ಹೋದಳು. ಮೂರನೆಯದಕ್ಕೆ, ನಾಲ್ಕನೆಯದಕ್ಕೆ. ಎಲ್ಲವೂ ಖಣ್ಣೆಂದವು. ಯಾವುದರ ಆಚೆಯಿಂದಲೂ ಏನೂ ಬರಲಿಲ್ಲ. ಎದ್ದು, ಯಾರಿಗೂ ಹೇಳದೆ ಪಾಸಿತಾಳ ಮನೆಗೆ ಹೋಗಿ, ಎಂಟು ವರ್ಷ ತಪ್ಪದೆ ಉತ್ತರಿಸಿದ್ದ ಆ ಮೊದಲ ಕಂಬವನ್ನೂ ಬಡಿದು ನೋಡಿದಳು. ಅಲ್ಲೂ ಉತ್ತರ ಬರಲಿಲ್ಲ.

"ಏನಾಯ್ತೇ? ನಮ್ಮ ಕಂಬಕ್ಕೂ ಹಿಡೀತಾ?" ಎಂದಳು ಪಾಸಿತಾ ಗಾಬರಿಯಿಂದ.

"ಇಲ್ಲ. ಗಟ್ಟಿ ಇದೆ."

ಹಿಂದಿರುಗಿ ಬಂದಾಗ ಅರ್ನೆಲ್ ಅಲ್ಲೇ ಕಾಯುತ್ತಿದ್ದ. ದಿತಾ ಮಗುವನ್ನೆತ್ತಿಕೊಂಡು ಅವನ ಪಕ್ಕ ನಿಂತಿದ್ದಳು. ಮಾನಾ ಸಿದ್ರಾ ಆ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದಳು. ಆಮೇಲೆ ಹಳೆಯ ಮೂಲೆಯ ಕಡೆ ನೋಡಿದಳು. ಹುತ್ತ ಒಂದು ಗೇಣು ಬೆಳೆದಿತ್ತು; ಅಜ್ಜ ಅವಳ ಕೈ ಬಿಟ್ಟು ಬೇರೆಯದನ್ನು ತೆಗೆದುಕೊಂಡಿದ್ದ.

"ಹೂಂ. ಏರಿಸು" ಎಂದಳು.

ಅವನು ಏಣಿ ತರಲು ಹೋದ. ಅವಳು ಕಂಬದ ಬುಡದಲ್ಲೇ ಕೂತು, ಕಿವಿಯನ್ನು ಇನ್ನೊಮ್ಮೆ ಮರಕ್ಕೆ ಹಚ್ಚಿದಳು. ಏಣಿ ಬಂತು, ತೊಲೆ ಏರಿತು, ಮೊದಲ ಮೊಳೆಯ ಪೆಟ್ಟು ಕಂಬದುದ್ದಕ್ಕೂ ಇಳಿದು ಬಂದು ಅವಳ ಕೆನ್ನೆಗೆ ತಾಗಿತು. ಒಂದು. ಅರ್ನೆಲ್ ಮೇಲೆ ಇನ್ನೊಂದು ಮೊಳೆಗಾಗಿ ಜೇಬು ತಡಕುತ್ತಿದ್ದ. ಅವಳು ಉಸಿರು ಹಿಡಿದು ಉಳಿದ ಎರಡಕ್ಕಾಗಿ ಕಾಯುತ್ತಿದ್ದಳು.